ಹಚ್ಚಿದ ಸಿಮೆಂಟು ಕೆತ್ತುವ ಹುಡುಗಿ

ಬೆಳಗಿನ ಐದೂವರೆ. ಸವಣೂರು ತಾಲ್ಲೂಕಿನ ಯಲವಿಗಿಯಿಂದ ಮೂರು ಕಿಲೋಮೀಟರ್ ಆಚೆಯ ಕೇರಿಯೊಂದರಲ್ಲಿ ಉಳಿಯ ಸದ್ದು ಆಗಲೇ ಶುರುವಾಗಿದೆ. ತಲೆಗೆ ಓಡಣಿ ಬಿಗಿದುಕೊಂಡ ಜಯಾ, ಮಣ್ಣಿನ ಗೋಡೆಯ ಮೇಲಿನ ಸಿಮೆಂಟನ್ನು ಅಂಗೈಯಗಲದ ಚೂರುಗಳಾಗಿ ಎಬ್ಬಿಸುತ್ತಿದ್ದಾಳೆ. ಬುಡದ ಚೂರುಗಳ ಹಿಂಬದಿ ಈ ಬೇಸಿಗೆಯಲ್ಲೂ ಒದ್ದೆಯಾಗಿದೆ.

ಈ ಸಿಮೆಂಟು ಹಚ್ಚಿದವಳೂ ಅವಳೇ.

ಶಿಗ್ಗಾಂವಿ ತಾಲ್ಲೂಕಿನ ತಡಸದ ಜಯಾ ಬಿ.ಎ. ಕೊನೆಯ ವರ್ಷದ ವಿದ್ಯಾರ್ಥಿನಿ. ಹೋದ ವರ್ಷ ಕಾಲೇಜಿನ ಸೇವಾ ಶಿಬಿರಕ್ಕೆಂದು ಇಲ್ಲಿಗೆ ಇಪ್ಪತ್ತೆರಡು ಮಂದಿ ಬಂದಿದ್ದರು. ಹಾನಗಲ್, ಹಿರೇಕೆರೂರು ಕಡೆಯವರೂ ಇದ್ದರು. ಏಳು ದಿನಗಳಲ್ಲಿ ಒಂಬತ್ತು ಮನೆಗಳ ಬಿರುಕು ಬಿಟ್ಟ ಗೋಡೆಗಳಿಗೆ ಸಿಮೆಂಟು ಹಚ್ಚಿ, ಹಸಿರು ಬಣ್ಣ ಬಳಿದು, ಮುಂದೆ ನಿಂತು ಫೋಟೊ ತೆಗೆಸಿಕೊಂಡು ಹೋದರು. ಆಷಾಢದಲ್ಲಿ ಜಿಟಿಜಿಟಿ ಮಳೆ ಎಂಟು ದಿನ ಹಿಡಿಯಿತು. ಒಂದು ಮಧ್ಯಾಹ್ನ ಆ ಒಂಬತ್ತರಲ್ಲೊಂದಾದ ಕುಲಸುಮಬಿಯ ಮನೆಯ ಗೋಡೆ ಕುಸಿದು, ಅವಳ ಎಡಗಾಲು ಅದರಡಿ ಸಿಕ್ಕಿತು.

ಕಾರಣ ಹೇಳುವವರು ಇದೇ ಕೇರಿಯಲ್ಲಿ ಗೋಡೆ ಕಟ್ಟುತ್ತ ಬಂದ, ಎಪ್ಪತ್ತು ದಾಟಿದ ಗೌಂಡಿ ಬಂದೇಸಾಬ. “ಮಣ್ಣಿನ ಗ್ವಾಡಿ ಉಸುರಾಡತೈತ್ರಿ. ನೆಲದ ತ್ಯಾವ ಕುಡೀತೈತಿ, ಬಿಸಲಿಗೆ ಬಿಡತೈತಿ. ಇವರು ಅದಕ್ಕ ಪ್ಲಾಸ್ಟಿಕ್ ಅಂಗಿ ತೊಡಿಸಿ ಗುಂಡಿ ಹಾಕಿ ಹ್ವಾದ್ರು. ಒಳಗ ಕೊಳತು ಕೆಸರಾತು.” ಆಗಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. “ಕಲತ ಮಂದಿ. ನನ್ನ ಯಾರ ಕೇಳಿದ್ರು?”

“ಸುದ್ದಿ ಬಂದ ಮ್ಯಾಲೆ ಗ್ರೂಪಿನ್ಯಾಗ ಎಲ್ಲಾರೂ ಸುಮ್ಮನಾದ್ರು,” ಎನ್ನುತ್ತಾಳೆ ಜಯಾ. “ಒಬ್ಬೊಬ್ಬರ ಲೆಫ್ಟ್ ಆದ್ರು. ನಾನೂ ಮೂರು ತಿಂಗಳು ಈ ಕಡೆ ಬರಲಿಲ್ರಿ. ಮಾರಿ ತೋರಸಾಕ ಧೈರ್ಯ ಇರಲಿಲ್ಲ.”

ಇಪ್ಪತ್ತೆರಡರಲ್ಲಿ ಕೊನೆಗೆ ಮರಳಿ ಬಂದವರು ಜಯಾ ಸೇರಿ ಐದೇ ಮಂದಿ. ಜಯಾಳನ್ನು ಕಂಡ ಕುಲಸುಮಬಿ ಓಣಿಗೆಲ್ಲ ಕೇಳುವಂತೆ ಕೂಗಿದಳಂತೆ: “ಬಂದ್ಲು ನೋಡ್ರಿ ನನ್ನ ಕಾಲ ಮುರದಾಕಿ! ಕುಂದ್ರವಾ, ಇನ್ನೊಂದು ಕಾಲೈತಿ.” ಜಯಾ ಅಳುತ್ತಲೇ ಅವಳು ಕೊಟ್ಟ ಚಹಾ ಕುಡಿದಳು. ವೀಳ್ಯದೆಲೆ ತೋಟದ ಕೆಲಸಕ್ಕೆ ಹೋಗಲಾರದ ಕುಲಸುಮಬಿ ಈಗ ಕಟ್ಟೆಯ ಮೇಲೆ ಕೂತು ಇವರು ಗೋಡೆಗೆ ಮೆತ್ತುವ ಮಣ್ಣಿನಲ್ಲಿರುವ ಹರಳು ಆರಿಸುತ್ತಾಳೆ.

ಕೆಲಸ ಬಂದೇಸಾಬರ ಲೆಕ್ಕದಲ್ಲೇ ನಡೆಯಬೇಕು. ಮಣ್ಣಿಗೆ ಹೊಟ್ಟು ಬೆರೆಸಿ ಮೂರು ದಿನ ಕೊಳೆಹಾಕಿ, ತುಳಿದು, ಬರಿಗೈಯಲ್ಲಿ ಮೆತ್ತಬೇಕು. ಒಂದು ಗೋಡೆಗೆ ನಾಲ್ಕು ದಿನ. ಇದಕ್ಕೆ ಪ್ರಮಾಣಪತ್ರ ಯಾರೂ ಕೊಡುವುದಿಲ್ಲ. ಕುಸಿದದ್ದು ಬಿಟ್ಟು ಉಳಿದ ಎಂಟರಲ್ಲಿ ಆರು ಗೋಡೆಗಳು ಮುಗಿದಿವೆ. ಇಂದು ಹಿಡಿದದ್ದೂ ಮುಗಿದರೆ ಉಳಿಯುವುದು ಹುಚ್ಚವ್ವನದೊಂದೇ. ಅವಳು ಮುಟ್ಟಗೊಡುತ್ತಿಲ್ಲ. ಮಳೆಯೋ, ಇನ್ನೊಂದು ವಾರದ ಮಾತು.

ಹೊತ್ತೇರುವ ಮುಂಚೆ ಜಯಾ ಮತ್ತೊಮ್ಮೆ ಅವಳ ಬಾಗಿಲಿಗೆ ಹೋಗುತ್ತಾಳೆ. ಉಳಿ ಕಂಡೊಡನೆ ಹುಚ್ಚವ್ವನ ದನಿ ಏರುತ್ತದೆ. “ಹ್ವಾದ ವರ್ಷ ಹಚ್ಚಾಕ ಬಂದ್ರಿ, ಈ ವರ್ಷ ಕೆತ್ತಾಕ ಬಂದೀರಿ. ಮುಂದಿನ ವರ್ಷ ಮನೀನ ಹೊತ್ಕೊಂಡು ಹೊಕ್ಕೀರೇನು?”

ಜಯಾ ಬೆರಳ ಗೆಣ್ಣಿನಿಂದ ಗೋಡೆ ತಟ್ಟುತ್ತಾಳೆ. ಟೊಳ್ಳು ಸದ್ದು. “ಕೇಳಬೇ, ಒಳಗ ಮಣ್ಣು ಬಿಟ್ಟೈತಿ.”

“ಕೇಳೀನಿ. ಈ ಬಣ್ಣ ನೋಡೇ ಮಾಸೂರಿನ ಬೀಗರು ಒಳಗ ಬಂದು ಕುಂತಾರ. ಇನ್ನ ಇಪ್ಪತ್ತು ದಿನಕ್ಕ ನಮ್ಮ ಸುನಿತಾನ ಲಗ್ನ. ಬರೇ ಮಣ್ಣು ಕಂಡ್ರ ಹೊಳ್ಳಿ ಹೊಕ್ಕಾರ. ಅಲ್ಲೀತನಕ ಕೈ ಹಚ್ಚಬ್ಯಾಡ.”

ಆ ಮರ್ಯಾದೆಯನ್ನು ಗೋಡೆಗೆ ಬಳಿದು ಹೋದವರೂ ಜಯಾ ಮತ್ತು ಜೊತೆಯವರೇ ತಾನೆ. ಜಯಾ ಉಳಿಯನ್ನು ಹೊಸ್ತಿಲಾಚೆ ಇಟ್ಟು ಒಳಗೆ ನೋಡುತ್ತಾಳೆ. ತಾಯಿ ಮಗಳು ಮಲಗುವ ಹೊರಸು ಅದೇ ಗೋಡೆಗೆ ಒತ್ತಿಕೊಂಡಿದೆ.

“ಆತು, ಗ್ವಾಡಿ ಹಂಗ ಇರ್ಲಿ. ಹೊರಸರ ಈ ಕಡೆ ಎಳಕೊಬೇ.”

ಒಲೆಯ ಮುಂದಿದ್ದ ಸುನಿತಾ ಎದ್ದು ಬಂದು ಹೊರಸಿನ ಒಂದು ತುದಿ ಹಿಡಿಯುತ್ತಾಳೆ, ಜಯಾ ಇನ್ನೊಂದು. ಇಬ್ಬರೂ ಅದನ್ನು ಎದುರಿನ ಮೂಲೆಗೆ ಸರಿಸುತ್ತಾರೆ.

ಹೊರಗೆ ಬಂದ ಮೇಲೆ, ಮುಂದೆ ಏನಾಗಲಿ ಅನ್ನಿಸುತ್ತದೆ ಎಂದು ಜಯಾಳನ್ನು ಕೇಳಿದೆ.

“ಮೊದಲ ಆಕಿ ಲಗ್ನ ಆಗ್ಲಿ, ಆಮ್ಯಾಲೆ ಮಳಿ ಬರ್ಲಿ,” ಅಂದಳು. ಸ್ವಲ್ಪ ದೂರ ನಡೆದು ತಿರುಗಿ ಆ ಗೋಡೆ ನೋಡಿದಳು. “ಮಳಿ ಮೊದಲ ಬಂದ್ರ, ಗ್ವಾಡಿ ಹೊರಗಿನ ಕಡೆ ಬೀಳ್ಲಿರಿ.”