ಲಿಸಾನಿಯಸ್ ಕೆತ್ತದ ನರಹುಲಿ

ನನ್ನ ಗಂಡ ಲಿಸಾನಿಯಸ್ ಕುಡುಕನಲ್ಲ, ಜೂಜುಕೋರನಲ್ಲ, ಹೆಂಡತಿಯ ಮೇಲೆ ಕೈ ಎತ್ತಿದವನೂ ಅಲ್ಲ. ಅವನಿಗಿದ್ದದ್ದು ಒಂದೇ ಕೆಟ್ಟ ಚಟ: ಎದುರಿಗೆ ಬಂದವರನ್ನೆಲ್ಲ ಚೆಂದ ಮಾಡಿಬಿಡುವುದು. ರೋಮಿನಲ್ಲಿ ಶಿಲ್ಪಿಯಾಗಿ ಬದುಕಬೇಕಾದವನಿಗೆ ಇದಕ್ಕಿಂತ ಕುಡಿತವೇ ವಾಸಿಯಾಗಿತ್ತು.

ಅವನು ಪಾರೋಸ್ ದ್ವೀಪದ ಗ್ರೀಕ. ಇಪ್ಪತ್ತರ ಹರೆಯದಲ್ಲಿ ಕಡಲ್ಗಳ್ಳರ ಕೈಗೆ ಸಿಕ್ಕಿ, ಸಂತೆಯಲ್ಲಿ ಗುಲಾಮನಾಗಿ ಮಾರಾಟವಾಗಿ, ತೀಬರ್ ನದಿಯ ದಡದಲ್ಲಿದ್ದ ನಮ್ಮ ಧಣಿ ತಿತಿನಿಯಸ್‌ನ ಶಿಲ್ಪಶಾಲೆಗೆ ಬಂದು ಬಿದ್ದ. ನಾನು ಫೌಸ್ಟಿಲ್ಲಾ, ಅದೇ ಮನೆಯ ಗುಲಾಮರ ಕೇರಿಯಲ್ಲಿ ಹುಟ್ಟಿದವಳು. ನನ್ನದು ಬಣ್ಣದ ಕೆಲಸ. ಕೆಂಡದ ಮೇಲೆ ಮೇಣ ಕರಗಿಸಿ, ಬಣ್ಣ ಕಲಸಿ, ವಿಗ್ರಹಗಳ ತುಟಿಗೆ ಕೆಂಪು, ಕೂದಲಿಗೆ ಕಪ್ಪು ಹಚ್ಚುತ್ತಿದ್ದೆ. ಬಣ್ಣವಿಲ್ಲದ ಬಿಳಿ ಕಲ್ಲನ್ನು ಮನೆಗೆ ಒಯ್ಯುವ ಹುಚ್ಚರು ಆ ಕಾಲದಲ್ಲಿ ಇರಲಿಲ್ಲ.

ಒಮ್ಮೆ ಮೇಣದ ಬಾಣಲೆ ಸಿಡಿದು ನನ್ನ ಎಡಗೆನ್ನೆ ಅವರೆಕಾಳಿನಷ್ಟು ಅಗಲ ಸುಟ್ಟಿತು. ಉಳಿದವರು ನೀರು, ಎಣ್ಣೆ ಅಂತ ಕೂಗಾಡುವಾಗ ಹೊಸದಾಗಿ ಬಂದಿದ್ದ ಈ ಗ್ರೀಕ ಸುಮ್ಮನೆ ಎದ್ದು ಬಂದು, ನೆರಳಲ್ಲಿದ್ದ ತಣ್ಣನೆಯ ಕಲ್ಲಿನ ಚೂರೊಂದನ್ನು ಕೆನ್ನೆಗೆ ಒತ್ತಿ ಹಿಡಿದ. ಉರಿ ಇಳಿಯಿತು, ಗುರುತು ಉಳಿಯಿತು. ನಮ್ಮ ಪ್ರೇಮಕಥೆ ಎಂದರೆ ಅಷ್ಟೇ. ಮುಂದೆ ನಮ್ಮ ಒಡತಿ ಸಾಯುವ ಮುಂಚೆ ನನಗೆ ಬಿಡುಗಡೆ ಕೊಟ್ಟಳು. ಅವನು ಮಾತ್ರ ಧಣಿಯ ಸೊತ್ತಾಗಿಯೇ ಉಳಿದ.

ಮೈ ಕೆತ್ತುವುದರಲ್ಲಿ ಲಿಸಾನಿಯಸ್ ಎತ್ತಿದ ಕೈ. ಅವನು ಮಾಡಿಟ್ಟ ತಲೆಯಿಲ್ಲದ ಏಳೆಂಟು ಯುವಕರು ಸದಾ ಗೋಡೆಯ ಪಕ್ಕ ಸಾಲಾಗಿ ನಿಂತಿರುತ್ತಿದ್ದರು. ಹರವಾದ ಎದೆ, ಚಪ್ಪಟೆ ಹೊಟ್ಟೆ, ಕುತ್ತಿಗೆಯ ಜಾಗದಲ್ಲಿ ಒಂದು ಗುಂಡಿ. ಗಿರಾಕಿ ಬಂದು ಮೈ ಆರಿಸಿಕೊಂಡರೆ ಅವನ ತಲೆ ಕೆತ್ತಿ ಆ ಗುಂಡಿಗೆ ಕೂರಿಸುವುದು. ತಲೆಯ ವಿಷಯಕ್ಕೆ ಬಂದಾಗ ಇವನ ಚಟ ಶುರುವಾಗುತ್ತಿತ್ತು.

"ನಮ್ಮೂರಲ್ಲಿ ಓಟದಲ್ಲಿ ಗೆದ್ದೋನ ಮೂರ್ತಿ ನಿಲ್ಲಿಸ್ತಾರೆ," ಎನ್ನುತ್ತಿದ್ದ ಊಟಕ್ಕೆ ಕೂತಾಗಲೆಲ್ಲ. "ಅವನ ಮೂಗು ಸೊಟ್ಟ ಇದ್ರೆ ಸೊಟ್ಟ ಕೆತ್ತಲ್ಲ. ಮನುಷ್ಯ ಹೇಗಿರಬೇಕೋ ಹಾಗೆ ಕೆತ್ತೋದು. ನೋಡಿದ ಹುಡುಗ್ರು ತಾವೂ ಹಾಗಾಗ್ಬೇಕು ಅಂದ್ಕೋಬೇಕು."

"ನಿಮ್ಮೂರಲ್ಲಿ ಎಲ್ರೂ ಬಟ್ಟೆ ಬಿಚ್ಚಿ ಓಡ್ತಾರೆ. ಮುಖ ನೋಡೋಕೆ ಯಾರಿಗಿದೆ ಪುರುಸೊತ್ತು?" ಎಂದು ನಾನು ಬೇಳೆ ಬಡಿಸುತ್ತಿದ್ದೆ. "ನಮ್ಮೋರಿಗೆ ದೇವರಂಥ ಹುಡುಗ ಬೇಡ. ಅಜ್ಜ ಬೇಕು. ಅವನ ಮೂಗಿನ ಸಮೇತ ಬೇಕು."

ನಾನು ಹೇಳಿದ್ದು ಸುಳ್ಳಲ್ಲ. ರೋಮಿನ ದೊಡ್ಡ ಮನೆಗಳ ಹಜಾರದಲ್ಲಿ ಒಂದು ಕಪಾಟು ಇರುತ್ತದೆ. ಅದರೊಳಗೆ ಸತ್ತ ಹಿರಿಯರ ಮೇಣದ ಮುಖಗಳು. ಮನೆಯಲ್ಲಿ ಸಾವಾದಾಗ ಬಾಡಿಗೆಯ ಆಳುಗಳು ಆ ಮುಖ ಹಾಕಿಕೊಂಡು ಹೆಣದ ಮುಂದೆ ನಡೆಯುತ್ತಾರೆ. ಸತ್ತವನನ್ನು ಕರೆದೊಯ್ಯಲು ಅಜ್ಜ, ಮುತ್ತಜ್ಜ ಎಲ್ಲರೂ ಎದ್ದು ಬಂದಂತೆ ಇರುತ್ತದೆ. ಬೀದಿಯ ಜನ ಮೂಗು ನೋಡಿಯೇ ಯಾವ ಮನೆಯವರೆಂದು ಹೇಳುತ್ತಾರೆ. ಅಂಥಲ್ಲಿ ಮೂಗು ತಿದ್ದುವವನು ವಂಶಕ್ಕೇ ಕೈ ಹಾಕಿದಂತೆ. ಲಿಸಾನಿಯಸ್‌ಗೆ ಇದನ್ನು ಇಪ್ಪತ್ತು ವರ್ಷ ಹೇಳಿದೆ. ಕಲ್ಲಿಗೆ ಹೇಳಿದ್ದರೆ ಅದಾದರೂ ಕೇಳುತ್ತಿತ್ತೇನೋ.

ಹಿಟ್ಟಿನ ವ್ಯಾಪಾರಿಯ ಹೆಂಡತಿಗೆ ಮೂರು ಗಲ್ಲ ಇದ್ದವು, ಇವನು ಒಂದನ್ನು ಉಳಿಸಿದ. ಅವಳ ಗಂಡ ಆ ಮೂರ್ತಿಯನ್ನು ಬೇರೆ ಹೆಂಗಸಿನದೆಂದು ವಾಪಸ್ ಕಳಿಸಿದ. ಆಮೇಲೆ ಒಬ್ಬ ಒಕ್ಕಣ್ಣ ದಳಪತಿ ಬಂದ. ಅವನಿಗೆ ನಮ್ಮವನು ಉದಾರವಾಗಿ ಎರಡು ಕಣ್ಣು ಕೊಟ್ಟ. "ಆ ಕಣ್ಣು ನಾನು ಯುದ್ಧದಲ್ಲಿ ಕೊಟ್ಟಿದ್ದು ಕಣಯ್ಯ, ಅದನ್ನ ವಾಪಸ್ ತರೋಕೆ ನೀನ್ಯಾರು?" ಎಂದು ದಳಪತಿ ಉಳಿದಿದ್ದ ಒಂದೇ ಕಣ್ಣಿನಲ್ಲಿ ಬೆಂಕಿ ಕಾರಿದ.

ಇದೆಲ್ಲ ನಕ್ಕು ಬಿಡುವಂಥದ್ದೇ. ಆದರೆ ಆ ವರ್ಷ ತಿತಿನಿಯಸ್ ಧಣಿಗೆ ಕೆಮ್ಮಿನಲ್ಲಿ ರಕ್ತ ಬರತೊಡಗಿತು. ಮಕ್ಕಳಿಲ್ಲದ ಅವನ ಆಸ್ತಿಗೆಲ್ಲ ಅಣ್ಣನ ಮಗನೇ ವಾರಸುದಾರ. ಆ ಪುಣ್ಯಾತ್ಮ ಚಿಕ್ಕಪ್ಪನ ಆರೋಗ್ಯ ವಿಚಾರಿಸುವ ನೆಪದಲ್ಲಿ ಬಂದು ಲಿಸಾನಿಯಸ್‌ನ ತೋಳು ಹಿಚುಕಿ ನೋಡುತ್ತಿದ್ದ. ಲೂನಾದ ಕಲ್ಲುಗಣಿಗೆ ಇಂಥ ಆಳು ಬೇಕಾಗಿದೆಯಂತೆ ಎನ್ನುತ್ತಿದ್ದ. ಆ ಗಣಿಗೆ ಹೋದವರು ಐದು ವರ್ಷ ಬದುಕಿದ್ದನ್ನು ಯಾರೂ ಕಂಡಿಲ್ಲ. ನನಗೆ ಅನ್ನ ನೀರು ಸೇರದಾಯಿತು.

ತಿತಿನಿಯಸ್ ಕೆಟ್ಟವನಲ್ಲ, ವ್ಯಾಪಾರಿ. ನಾನು ಹೋಗಿ ಕಾಲು ಹಿಡಿದಾಗ, "ನೋಡಮ್ಮ, ಟಿಬೂರಿನ ಪುಪಿಯಸ್ ತನ್ನ ಮೂರ್ತಿ ಮಾಡಿಸ್ತಿದ್ದಾನೆ. ಅದನ್ನ ಅವನು ಒಪ್ಪಿ ಒಯ್ದ ಮಾರನೇ ದಿನವೇ ನಿನ್ನ ಗಂಡನ್ನ ನ್ಯಾಯಾಧಿಕಾರಿ ಮುಂದೆ ನಿಲ್ಲಿಸಿ ಬಿಡುಗಡೆ ಮಾಡ್ತೀನಿ. ಇದೂ ವಾಪಸ್ ಬಂದ್ರೆ ನನ್ನ ಕೇಳ್ಬೇಡ," ಎಂದ.

ಪುಪಿಯಸ್‌ಗೆ ಎಪ್ಪತ್ತು ವರ್ಷ. ಟಿಬೂರ್ ಪಟ್ಟಣದ ಅಧಿಕಾರ ಮಾಡಿ ಇಳಿದವನು. ಮುಖ ಬಿಸಿಲಿಗೆ ಹಾಕಿ ಮರೆತ ಅಂಜೂರದಂತಿತ್ತು. ಬಲಗೆನ್ನೆಯ ಮೇಲೆ ಕಡಲೆಕಾಳಿನಂಥ ಒಂದು ನರಹುಲಿ. ಅವನು ಸಾಲಾಗಿ ನಿಂತಿದ್ದ ಮೈಗಳನ್ನು ತರಕಾರಿ ಆರಿಸುವವನಂತೆ ತಟ್ಟಿ ನೋಡಿ, ಚಕ್ರ ಎಸೆಯುವ ಯುವಕನ ಮೈ ಆರಿಸಿಕೊಂಡ. ಸೊಂಟಕ್ಕೊಂದು ಬಟ್ಟೆ ಸುತ್ತಿಸಬೇಕು, ಹೆಂಡತಿ ದೇವರು ದಿಂಡರು ಅನ್ನುವವಳು ಎಂದ. ಮೇಲೆ ಎಪ್ಪತ್ತು, ಕೆಳಗೆ ಇಪ್ಪತ್ತು. ರೋಮಿನಲ್ಲಿ ಇದಕ್ಕೆ ಯಾರೂ ನಗುವುದಿಲ್ಲ, ಇದನ್ನು ಗಾಂಭೀರ್ಯ ಎನ್ನುತ್ತಾರೆ. ಲಿಸಾನಿಯಸ್ ಮಾತ್ರ ಎರಡು ದಿನ ಊಟ ಬಿಟ್ಟ.

ಎರಡು ತಿಂಗಳು ದಿನಾ ಬೆಳಿಗ್ಗೆ ನಾನು ಹೇಳುತ್ತಿದ್ದೆ: "ನರಹುಲಿ ಮರೀಬೇಡ."

"ಆಯ್ತು ಮಾರಾಯ್ತಿ, ಅದಕ್ಕೆ ಅಂತಲೇ ಕಲ್ಲು ಬಿಟ್ಟಿದ್ದೀನಿ, ನೋಡು," ಎಂದು ಕೆನ್ನೆಯ ಮೇಲಿನ ಸಣ್ಣ ಗುಬುಟು ತೋರಿಸುತ್ತಿದ್ದ.

ಮೂರ್ತಿ ತೋರಿಸುವ ದಿನ ನಾನು ಮೂಲೆಯಲ್ಲಿ ಕಾವಿ ಅರೆಯುತ್ತಿದ್ದೆ. ಟಕ್ ಎಂದು ಒಂದು ಸದ್ದಾಯಿತು. ಓಡಿಹೋಗಿ ನೋಡಿದರೆ ಗುಬುಟು ನೆಲದ ಮೇಲಿತ್ತು. ಕೆನ್ನೆ ಬೆಣ್ಣೆಯಂತೆ ನುಣ್ಣಗಾಗಿತ್ತು.

"ಕೈ ತಾನಾಗೇ ಹೋಯ್ತು," ಎಂದ, ಉಳಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು.

ನಾನು ಅವನನ್ನು ಹೊಡೆಯಲಿಲ್ಲ ಎನ್ನುವುದೇ ನನ್ನ ಬಾಳಿನ ದೊಡ್ಡ ತಪಸ್ಸು. ಕಲ್ಲನ್ನು ತೆಗೆಯಬಹುದು, ಹಚ್ಚಲಾಗುವುದಿಲ್ಲ. ಸುಣ್ಣದ ಗಾರೆಯಲ್ಲಿ ಒಂದು ನರಹುಲಿ ಅಂಟಿಸೋಣ ಎಂದ. ಬೇಸಿಗೆಯ ಮಧ್ಯಾಹ್ನ ಊರ ಚೌಕದಲ್ಲಿ ಪುಪಿಯಸ್ ವಂಶದ ನರಹುಲಿ ಉದುರಿ ಬಿದ್ದರೆ ಹೇಗಿರುತ್ತದೆಂದು ಕೇಳಿದೆ. ಅಷ್ಟರಲ್ಲಿ ಪುಪಿಯಸ್ ಬಂದೇಬಿಟ್ಟ.

ಅವನು ಮೂರ್ತಿಯನ್ನು ನೋಡಿದ, ಪಕ್ಕಕ್ಕೆ ಸರಿದು ನೋಡಿದ, ಕೊನೆಗೆ ಕೇಳಿದ: "ಇದ್ಯಾರು?"

"ತಾವೇ ಧಣಿ," ಎಂದ ಲಿಸಾನಿಯಸ್.

"ನಾನಾ? ನನ್ನ ನರಹುಲಿ ಎಲ್ಲಿ? ಇದು ನಮ್ಮಪ್ಪಂಗಿತ್ತು, ನಮ್ಮಜ್ಜಂಗಿತ್ತು. ಮೂರು ತಲೆಮಾರಿಂದ ಊರ ಜನ ಈ ನರಹುಲಿ ಮುಖ ನೋಡಿ ಮತ ಹಾಕಿದ್ದಾರೆ. ನೀನು ಒಂದೇಟಿಗೆ ಒರೆಸಿಬಿಟ್ಯಲ್ಲೋ! ನನ್ನ ಮೊಮ್ಮಕ್ಕಳು ಇವನ್ನ ಯಾರು ಅಂದ್ಕೋಬೇಕು? ಕ್ಷೌರದಂಗಡಿ ಹುಡುಗ ಅಂತಲಾ?"

ತಿತಿನಿಯಸ್ ಕೆಮ್ಮುತ್ತಲೇ ಸಮಾಧಾನ ಹೇಳಿ ಹತ್ತು ದಿನದ ವಾಯಿದೆ ಕೇಳಿಕೊಂಡ. ಹೊಸ ತಲೆ ಕೆತ್ತಲು ಎರಡು ತಿಂಗಳು ಬೇಕು. ಎಲ್ಲರೂ ಹೋದ ಮೇಲೆ ಲಿಸಾನಿಯಸ್ ತಲೆಯ ಮೇಲೆ ಕೈ ಹೊತ್ತು ಕೂತ. ಅವನನ್ನು ನೋಡಿ ನನಗೆ ಸಿಟ್ಟೂ ಬಂತು, ಅಳುವೂ ಬಂತು. ಗಣಿಯ ಬಿಸಿಲಿನಲ್ಲಿ ಈ ಮಹಾಶಯ ಬಂಡೆಗಳನ್ನೂ ಚೆಂದ ಮಾಡಲು ಹೋಗಿ ಚಾಟಿಯೇಟು ತಿನ್ನುವುದು ಕಣ್ಣಿಗೆ ಕಟ್ಟಿತು.

ನೆಲದ ಮೇಲೆ ಬಿದ್ದಿದ್ದ ಕಲ್ಲಿನ ಚೂರನ್ನು ನೋಡುತ್ತ ನಾನು ಹೇಳಿದೆ: "ನರಹುಲಿ ಎತ್ತರಿಸೋಕೆ ಆಗಲ್ಲ ಅಂದ್ರೆ ಕೆನ್ನೆ ತಗ್ಗಿಸು."

"ಏನು?"

"ಕಡಲೆಕಾಳಿನಷ್ಟು ಜಾಗ ಬಿಟ್ಟು ಸುತ್ತಲೂ ಕೆನ್ನೆ ಇಳಿಸು. ಅದು ತಾನಾಗೇ ಎದ್ದು ನಿಲ್ಲತ್ತೆ."

ಕೊಲೆ ಮಾಡು ಎಂದವಳನ್ನು ನೋಡುವಂತೆ ನೋಡಿದ. ಆದರೆ ಉಳಿ ಎತ್ತಿಕೊಂಡ. ಒಂದು ಕೆನ್ನೆ ಇಳಿದರೆ ಇನ್ನೊಂದು ಇಳಿಯಬೇಕು. ಎರಡೂ ಇಳಿದರೆ ಕಣ್ಣು ಮುಂದೆ ಬಂದಂತೆ ಕಾಣುತ್ತದೆ, ಕಣ್ಣನ್ನು ಒಳಗೆ ತಳ್ಳಬೇಕು. ಆಮೇಲೆ ಹಣೆ, ಬಾಯಿಯ ಪಕ್ಕದ ಗೆರೆ, ಕುತ್ತಿಗೆಯ ನರ. ಮೊದಲ ನಾಲ್ಕು ದಿನ ಅಪೊಲೋ ದೇವರ ಹೆಸರು ಹಿಡಿದು ಬೈಯುತ್ತ ಕೆತ್ತಿದ. ಐದನೆಯ ದಿನದಿಂದ ಬಾಯಿ ಮುಚ್ಚಿಕೊಂಡ. ನನಗೆ ಹೆದರಿಕೆಯಾಯಿತು, ಮತ್ತೆ ಕೈ ತಾನಾಗಿ ಹೋಗುತ್ತದೇನೋ ಎಂದು ಬಣ್ಣದ ಕೆಲಸ ಬಿಟ್ಟು ಎದುರೇ ಕೂತೆ.

ಒಂಬತ್ತನೆಯ ದಿನ ಆ ಕಲ್ಲಿನ ಹಣೆಯ ಗೆರೆಯಲ್ಲಿ ಬೆರಳಾಡಿಸುತ್ತ ಅಂದ: "ಲೇ, ಇದು ನೋಡು. ಯಾರ ಮೇಲೋ ವರ್ಷಗಟ್ಟಲೆ ಸಿಟ್ಟಿಟ್ಕೊಂಡ ಗೆರೆ. ಇದನ್ನ ಅಪೊಲೋ ಹಣೆ ಮೇಲೆ ಯಾವತ್ತೂ ಕೆತ್ತೋಕಾಗಲ್ಲ. ಅವನು ಅಷ್ಟು ವರ್ಷ ಯಾರನ್ನ ಸಹಿಸ್ಕೊಂಡಿದ್ದಾನೆ?"

"ಈಗ ಗೊತ್ತಾಯ್ತಾ," ಎಂದೆ. ಖುಷಿ ತೋರಿಸಿಕೊಳ್ಳಲಿಲ್ಲ, ತೋರಿಸಿದರೆ ಇವನು ಹಾಳು ಮಾಡುವ ಜಾತಿ.

ಪುಪಿಯಸ್ ಬಂದ. ಈ ಸಲ ಕೂಗಲಿಲ್ಲ. ಒಂದು ಬೆರಳನ್ನು ಕಲ್ಲಿನ ನರಹುಲಿಯ ಮೇಲಿಟ್ಟ, ಇನ್ನೊಂದನ್ನು ತನ್ನದರ ಮೇಲೆ. "ಥೇಟ್ ನಮ್ಮಪ್ಪ," ಎಂದ. ಆಮೇಲೆ ಕಣ್ಣೊರೆಸಿಕೊಂಡು, ಹೊಟ್ಟೆಯನ್ನು ಇನ್ನೂ ಸ್ವಲ್ಪ ಚಪ್ಪಟೆ ಮಾಡಲಾಗುತ್ತದೆಯೇ ಎಂದು ಕೇಳಿದ.

ಮಾರನೆಯ ದಿನ ನ್ಯಾಯಾಧಿಕಾರಿಯ ಮುಂದೆ ಲಿಸಾನಿಯಸ್‌ನ ತಲೆಗೆ ಕೋಲು ಮುಟ್ಟಿಸಿದರು, ಒಂದು ಸುತ್ತು ತಿರುಗಿಸಿದರು, ಅಷ್ಟಕ್ಕೇ ಅವನು ಮನುಷ್ಯನಾದ. ಬಿಡುಗಡೆಯಾದವರ ಉಣ್ಣೆ ಟೋಪಿ ಅವನಿಗೆ ಒಂದಿಷ್ಟೂ ಒಪ್ಪುತ್ತಿರಲಿಲ್ಲ. ನಾನು ಬೀದಿಯಲ್ಲೇ ಅತ್ತೆ. ಅದಾದ ಹನ್ನೊಂದನೆಯ ದಿನ ತಿತಿನಿಯಸ್ ಸತ್ತ. ತೋಳು ಹಿಚುಕಲು ಬಂದ ಅಣ್ಣನ ಮಗನಿಗೆ ಗೋಡೆಯ ಪಕ್ಕದ ತಲೆಯಿಲ್ಲದ ಯುವಕರು ಸಿಕ್ಕರು.

ನಮ್ಮಂಥವರಿಗೆ ಮೇಣದ ಅಜ್ಜಂದಿರಿಲ್ಲ. ಗುಲಾಮನಿಗೆ ಕಾನೂನಿನಲ್ಲಿ ಅಪ್ಪನೇ ಇಲ್ಲ, ಇನ್ನು ಅಜ್ಜ ಎಲ್ಲಿಂದ ಬರಬೇಕು? ಅದಕ್ಕೇ ಬಿಡುಗಡೆಯಾದವರು ಹೆದ್ದಾರಿಯ ಪಕ್ಕ ಸಮಾಧಿಗೆ ಜಾಗ ಹಿಡಿದು, ಕಲ್ಲಿನಲ್ಲಿ ತಮ್ಮದೇ ಮುಖ ಕೆತ್ತಿಸಿಕೊಳ್ಳುತ್ತಾರೆ. ವಂಶ ನಮ್ಮಿಂದಲೇ ಶುರು ಎನ್ನುವ ಜಂಬ. ಲಿಸಾನಿಯಸ್ ಎರಡು ವರ್ಷ ಬಟ್ಟೆಯ ಮರೆಯಲ್ಲಿ ನಮ್ಮ ಕಲ್ಲು ಕೆತ್ತಿದ. ಒಂದು ದಿನ ನನ್ನನ್ನು ಕರೆದು ಬಟ್ಟೆ ತೆಗೆದ.

ಎಡಕ್ಕೆ ಅವನಿದ್ದ. ಕಲ್ಲಿನ ಧೂಳಿಗೆ ಊದಿದ ರೆಪ್ಪೆ, ಹಲ್ಲು ಬಿದ್ದು ಒಳಗೆ ಹೋದ ತುಟಿ, ಕಡಲ್ಗಳ್ಳರು ಹರಿದ ಕಿವಿ. ಒಂದು ಗೆರೆಯನ್ನೂ ಬಿಟ್ಟಿರಲಿಲ್ಲ. ರೋಮಿನಲ್ಲಿ ಹುಟ್ಟಿದವನೂ ಅಷ್ಟು ಕಠೋರವಾಗಿ ತನ್ನನ್ನು ಕೆತ್ತಿಕೊಳ್ಳಲಾರ. ನನ್ನ ಎದೆ ತುಂಬಿತು. ಆಮೇಲೆ ಬಲಕ್ಕೆ ನೋಡಿದೆ. ಅಲ್ಲಿ ಹದಿನೆಂಟರ ಒಬ್ಬ ದೇವತೆ ನಿಂತಿದ್ದಳು.

"ಇದ್ಯಾರು?" ಎಂದೆ.

"ನೀನೇ."

"ನಾನಾ? ನನ್ನ ಕೆನ್ನೆ ಮೇಲಿನ ಸುಟ್ಟ ಗುರುತು ಎಲ್ಲಿ?"

"ಅವತ್ತೇ ಕಲ್ಲು ಇಟ್ಟು ಆರಿಸಿದ್ನಲ್ಲ," ಎಂದ.

ಕೆನ್ನೆ ತಗ್ಗಿಸು ಎಂದೆ, ಬೈದೆ, ಮುನಿಸಿಕೊಂಡು ಮೂರು ದಿನ ಮಾತು ಬಿಟ್ಟೆ. "ನಿಮ್ಮೂರಿನ ಮುದುಕರನ್ನೆಲ್ಲ ಅವರು ಹೇಳಿದ ಹಾಗೇ ಕೆತ್ತಿದ್ದೀನಿ, ನನ್ನನ್ನೂ ಸೇರಿಸಿ. ಒಬ್ಬಳನ್ನ ನನಗೆ ಬಿಡು," ಎಂದವನು ಉಳಿ ಮುಟ್ಟಲಿಲ್ಲ.

ಅವನು ಹೋಗಿ ಇದು ನಾಲ್ಕನೆಯ ಚಳಿಗಾಲ. ಫೆಬ್ರುವರಿಯಲ್ಲಿ ಸತ್ತವರ ದಿನಗಳು ಬಂದಾಗ ರೊಟ್ಟಿ, ಉಪ್ಪು, ಒಂದು ಹಿಡಿ ಹೂವಿನ ಜೊತೆ ಕೆಂಡದ ಮಡಕೆ, ಮೇಣ, ಕಾವಿಯನ್ನೂ ಒಯ್ಯುತ್ತೇನೆ. ಆ ಹುಡುಗಿಯ ಎಡಗೆನ್ನೆಯ ಮೇಲೆ ಅವರೆಕಾಳಿನಷ್ಟು ಅಗಲ ಗುರುತು ಬರೆಯುತ್ತೇನೆ. ದಾರಿಹೋಕರು ನಿಂತು, "ಅಪ್ಪ ಮಗಳಾ, ಅಜ್ಜಿ?" ಎಂದು ಕೇಳುತ್ತಾರೆ. ಗಂಡ ಹೆಂಡತಿ ಎಂದರೆ ನಂಬುವುದಿಲ್ಲ. ಈ ಮುದುಕನಿಗೆ ಇಂಥವಳು ಹೇಗೆ ಸಿಕ್ಕಳೋ ಎಂದು ಗೊಣಗಿಕೊಂಡು ಹೋಗುತ್ತಾರೆ.

ಬಿಸಿಲಿಗೆ, ಮಳೆಗೆ ಬಣ್ಣ ವರ್ಷ ತುಂಬುವುದರೊಳಗೆ ಹೋಗುತ್ತದೆ. ನಾನು ಮತ್ತೆ ಹಚ್ಚುತ್ತೇನೆ. ಈ ಸಲ ಕೈ ನಡುಗಿ ಗುರುತು ಸ್ವಲ್ಪ ದೊಡ್ಡದಾಯಿತು. ನನ್ನ ಬೂದಿಯನ್ನೂ ಆ ಕಲ್ಲಿನ ಹಿಂದೆ ಇಟ್ಟ ಮೇಲೆ ಹಚ್ಚುವವರು ಯಾರೂ ಇರುವುದಿಲ್ಲ. ಆಗ ಮೊದಲ ಮಳೆಗೇ ಅವನು ಗೆದ್ದುಬಿಡುತ್ತಾನೆ, ಚಟಗಾರ.