ಹೇಳಿಕೊಂಡವರು ಐದು ಜನ

ಅಮೆರಿಕದ ವಿಕ್ಸಮ್ ಎಂಬ ಊರಿನಲ್ಲಿ ಸೇನೆಯ ವಾಹನಗಳಿಗೆ ಬಿಡಿಭಾಗ ತಯಾರಿಸುವ ಕಾರ್ಖಾನೆಯ ಎಚ್‌ಆರ್ ವಿಭಾಗದಲ್ಲಿ ನನ್ನ ಕೆಲಸ. ಸರ್ಕಾರದ ಕಾಂಟ್ರಾಕ್ಟ್ ಇರುವುದರಿಂದ, ನಮ್ಮಲ್ಲಿ ಎಷ್ಟು ಮಾಜಿ ಸೈನಿಕರಿದ್ದಾರೆಂದು ಪ್ರತಿ ವರ್ಷ ವರದಿ ಕಳಿಸಬೇಕು. ಹೇಳಿಕೊಳ್ಳುವುದು ಮಾತ್ರ ಅವರವರ ಇಷ್ಟ, ಬಲವಂತ ಮಾಡುವಂತಿಲ್ಲ. ಹೇಳದವರು ಲೆಕ್ಕಕ್ಕಿಲ್ಲ. ಇದೆಂಥ ಲೆಕ್ಕವೋ ಎಂದು ಪ್ರತಿ ಸಲ ಗೊಣಗುತ್ತೇನೆ.

ಈ ವರ್ಷ ಹೇಳಿಕೊಂಡವರು ಐದು ಜನ. ನನ್ನ ಸಹಾಯಕಿ ಇಲ್ಲೇ ಹುಟ್ಟಿ ಬೆಳೆದ ಕನ್ನಡದ ಹುಡುಗಿ. ನನ್ನನ್ನು ಆಂಟಿ ಎಂದು ಕರೆದರೂ ಉತ್ತರವೆಲ್ಲ ಇಂಗ್ಲಿಷಿನಲ್ಲೇ. ಒಂದು ಮಧ್ಯಾಹ್ನ ನಾವಿಬ್ಬರೂ ಮೆಷಿನ್‌ಗಳ ನಡುವೆ ಹೋಗುತ್ತಿದ್ದಾಗ ಢಬ್ಬೆಂದು ಸದ್ದಾಗಿ ಕರೆಂಟ್ ಹೋಯಿತು. ಕಿಟಕಿಯಿಲ್ಲದ ಕಟ್ಟಡ. ಕತ್ತಲಲ್ಲಿ ಯಾರೋ ನಕ್ಕರು, ಯಾರೋ ಬೈದರು.

ತುರ್ತು ದೀಪಗಳು ಹೊತ್ತಿಕೊಂಡಾಗ ಕೆಲಸಗಾರರಲ್ಲಿ ಹಲವರನ್ನು ಕಂಡೆ. ಗೋಡೆಗೆ ಬೆನ್ನು ಒತ್ತಿ, ಬಾಗಿಲುಗಳನ್ನೇ ನೋಡುತ್ತ ನಿಂತಿದ್ದರು. ಐದಕ್ಕಿಂತ ಎಷ್ಟೋ ಹೆಚ್ಚು ಜನ. ಯಾರೂ ಯಾರಿಗೂ ಹೇಳಿರಲಿಲ್ಲ, ಆದರೂ ಎಲ್ಲರ ನಿಲುವೂ ಒಂದೇ, ಸೇನೆಯಲ್ಲಿ ಕಲಿತಂಥದ್ದು.

ನಾನು ಮುಂದೆ ಹೆಜ್ಜೆಯಿಟ್ಟೆ. ಹಿಂದಿನಿಂದ ಒಂದು ಕೈ ನನ್ನ ತೋಳು ಹಿಡಿದು ಕೆಳಗೆಳೆಯಿತು.

"ಆಂಟಿ, ಅಲ್ಲಾಡ್ಬೇಡಿ."

ನನ್ನ ಸಹಾಯಕಿ. ಕನ್ನಡದಲ್ಲಿ. ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ ಅವಳು ಬಾಗಿಲಿನಿಂದ ಕಣ್ಣು ಕೀಳಲಿಲ್ಲ.

ಕರೆಂಟ್ ಬಂತು. ಏನೂ ಆಗದವರಂತೆ ಎಲ್ಲರೂ ತಂತಮ್ಮ ಮೆಷಿನ್‌ಗಳಿಗೆ ಮರಳಿದರು. ನಾವು ಆಫೀಸಿಗೆ ಬಂದು ವರದಿಯನ್ನು ಕೊನೆಯದಾಗಿ ನೋಡಿದೆವು.

"ಫೈವ್, ರೈಟ್?" ಎಂದಳು.

"ಹೂಂ ಕಣಮ್ಮ, ಐದೇ," ಎಂದೆ.

ಅವಳೇ ಅದನ್ನು ಕಳಿಸಿದಳು. ನನ್ನ ತೋಳಿನ ಮೇಲೆ ಅವಳ ಬೆರಳುಗಳ ಗುರುತು ಇನ್ನೂ ಕೆಂಪಗಿತ್ತು.