ಪುಟ್ಟತ್ತೆ ಅಪ್ಪೆ ಎಂದು ಬರೆದವಳು ನಾನಲ್ಲ

ಸಿಂಚನಾ, ತೇಜು, ನಿಮ್ಮ ಅಜ್ಜಿ ದೆವ್ವ, ಮಾಟ, ಶಕುನ ಯಾವುದನ್ನೂ ನಂಬಿದವಳಲ್ಲ. ಯಾರಾದರೂ ಅಂಥ ಕಥೆ ತೆಗೆದರೆ ಎದ್ದು ಒಳಗೆ ಹೋಗುತ್ತಿದ್ದೆ. ಈಗ ನಾನೇ ಒಂದನ್ನು ಬರೆಯಬೇಕಾಗಿದೆ. ನಾಲ್ಕು ಜನರ ಎದುರು ನನಗೆ ಮಾತು ಹೊರಡುವುದಿಲ್ಲ. ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕಲಿತ ಅಕ್ಷರವಿದೆ, ಅದರಲ್ಲೇ ಹೇಳುತ್ತೇನೆ.

ನಮ್ಮ ಮಹಿಳಾ ಸಂಘ ಮಿಡಿ ಉಪ್ಪಿನಕಾಯಿ ಮಾಡುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಕಡೆಯ ಅಪ್ಪೆ ಮರಗಳಿಂದ ಮಾವಿನ ಮಿಡಿ ಕೀಳಿಸಿ, ಅದೇ ದಿನ ಸಾಗರಕ್ಕೆ ತಂದು ಉಪ್ಪಿಗೆ ಹಾಕಬೇಕು. ಯಾವ ಮರ, ಯಾವ ದಿನ ಎಂದು ಹೇಳುವವಳು ನಾನಾಗಿದ್ದೆ. ತೊಟ್ಟು ಮುರಿದು ಸೊನೆ ಮೂಸಿದರೆ ಸಾಕು, ಆ ಮಿಡಿ ಕೆಡದೆ ಬಾಳುತ್ತದೋ ಇಲ್ಲವೋ ನನಗೆ ತಿಳಿಯುತ್ತದೆ. ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ತಲೆ ಎತ್ತಿ ನಡೆದದ್ದು ಆ ಒಂದು ಕೆಲಸದಿಂದ.

ಎರಡು ವರ್ಷದ ಹಿಂದೆ ಕಾರ್ಯದರ್ಶಿ ಸುಮಿತ್ರ ಎಲ್ಲ ಕೆಲಸವನ್ನೂ ಫೋನಿನ ಒಂದು ಆ್ಯಪ್‌ಗೆ ಹಾಕಿಸಿದಳು. ಮೂರು ಊರಿಗೆ ಮೂರು ಪಟ್ಟಿ. ಶಿವಮೊಗ್ಗದಿಂದ ಬಂದ ಟ್ರೈನರ್ ಮೇಡಂ ಆ ಪಟ್ಟಿಗಳಿಗೆ ಎಐ ಏಜೆಂಟ್ ಜೋಡಿಸಿಕೊಟ್ಟರು. ನಾವು ಸಂಘದ ಫೋನ್ ಗ್ರೂಪಿನಲ್ಲಿ ಮಾತಾಡಿ ಕಳಿಸಿದ್ದನ್ನು ಅದು ಕೇಳಿಸಿಕೊಂಡು, ಯಾರು, ಎಲ್ಲಿ, ಎಷ್ಟು ಹೊತ್ತಿಗೆ ಎಂದು ಪಟ್ಟಿಗೆ ಬರೆಯುತ್ತದೆ. ಟೆಂಪೊದ ಮಂಜಪ್ಪ ಅದನ್ನು ನೋಡಿಕೊಂಡು ಗಾಡಿ ಹೊರಡಿಸುತ್ತಾನೆ.

"ಅದಕ್ಕೆ ಸೊನೆ ಮೂಸಕ್ಕೆ ಬತ್ತದಾ ಮೇಡಂ?" ಎಂದು ತೀರ್ಥಹಳ್ಳಿಯ ಲಲಿತ ಕೇಳಿದಳು.

"ಮೂಸಕ್ಕೆ ನಿಮ್ಮ ಅಕ್ಕ ಇದಾರಲ್ಲ" ಎಂದರು ಮೇಡಂ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಕಳೆದ ವರ್ಷ ಮಿಡಿಯ ಕಾಲದಲ್ಲಿ ಒಂದು ಬೆಳಿಗ್ಗೆ ಲಲಿತಳ ಕಡೆಯವರು ಮಿಡಿ ಕೀಳಿಸಿ, ಬುಟ್ಟಿ ಇಟ್ಟುಕೊಂಡು ರಸ್ತೆ ಬದಿ ಕಾದರು. ಟೆಂಪೊ ಬರಲೇ ಇಲ್ಲ. ಹೊಸನಗರದ ಪಟ್ಟಿಯಲ್ಲಿ ಹೊಸದೊಂದು ಕೆಲಸ ಎಲ್ಲಕ್ಕಿಂತ ಮೇಲೆ ಕಂಡು, ಮಂಜಪ್ಪ ಮರ ಹತ್ತುವವನನ್ನು ಕೂರಿಸಿಕೊಂಡು ಆ ಕಡೆ ಹೋಗಿದ್ದ. ಅವನು ಮಧ್ಯಾಹ್ನ ಸಿಟ್ಟಿನಿಂದ ಬಂದು ನಿಂತ.

"ಎಂತ ಅಕ್ಕ ಇದು? ಮ್ಯಾಪಿನ ಮಾರ್ಕು ಹಿನ್ನೀರಿನ ಮಧ್ಯ ತೋರಿಸ್ತದೆ. ಈಜಿ ಹೋಗಿ ಮಿಡಿ ಕೊಯ್ಲಾ?"

ಅಷ್ಟರಲ್ಲಿ ತೀರ್ಥಹಳ್ಳಿಯ ಮಿಡಿಯೆಲ್ಲ ಬಿಸಿಲಿಗೆ ಬಾಡಿ ಸುಕ್ಕುಗಟ್ಟಿತ್ತು.

ಸುಮಿತ್ರ ಫೋನು ನನ್ನ ಮುಂದೆ ಹಿಡಿದಳು. ಪಟ್ಟಿಯಲ್ಲಿ ಹೀಗಿತ್ತು: "ಪುಟ್ಟತ್ತೆ ಅಪ್ಪೆ. ಹಗ್ಗದಲ್ಲಿ ಇಳಿಸಬೇಕು, ಉದುರಿಸಬಾರದು. ಮೂರು ಮಿಡಿ ಬುಡದಲ್ಲಿ ಬಿಟ್ಟು ಬರಬೇಕು." ಮರ ಆರಿಸಿದವರು ಎಂಬಲ್ಲಿ ನನ್ನ ಹೆಸರು.

ಮಕ್ಕಳೇ, ಆ ನೀರಿನ ಕೆಳಗೆ ನನ್ನ ತವರುಮನೆ ಇದೆ. ಶರಾವತಿಗೆ ಅಣೆಕಟ್ಟು ಕಟ್ಟಿ ನೀರು ಏರಿದಾಗ ನನಗೆ ಏಳು ವರ್ಷ. ಮನೆಯ ಹಿಂದೆ ಅಪ್ಪನ ಅಕ್ಕ ಪುಟ್ಟತ್ತೆ ನೆಟ್ಟ ಅಪ್ಪೆ ಮರವಿತ್ತು. ಅದನ್ನು ಪುಟ್ಟತ್ತೆ ಅಪ್ಪೆ ಎಂದು ಕರೆಯುತ್ತಿದ್ದದ್ದು ನಮ್ಮ ಮನೆಯವರು ಮಾತ್ರ. ಮರಕ್ಕೂ ಪಾಲು ಬೇಕೆಂದು ಮೂರು ಮಿಡಿ ಬುಡದಲ್ಲಿ ಇಡಿಸುತ್ತಿದ್ದವಳು ಪುಟ್ಟತ್ತೆಯೇ. ಇದನ್ನು ಬಲ್ಲವರು ಈಗ ಯಾರೂ ಉಳಿದಿಲ್ಲ. ನಿಮ್ಮ ಅಜ್ಜನಿಗೂ ನಾನು ಹೇಳಿರಲಿಲ್ಲ. ಆ ಊರಿನ ಮಾತು ಬಂದರೆ ನಾನು ಬೇರೆ ಮಾತು ತೆಗೆಯುತ್ತಿದ್ದೆ.

ಮರುದಿನ ಸಭೆ ಸೇರಿತು. ಟ್ರೈನರ್ ಮೇಡಂ ಫೋನಿನಲ್ಲಿ, "ಏಜೆಂಟ್ ಒಮ್ಮೊಮ್ಮೆ ತಪ್ಪು ಮಾಡುತ್ತೆ. ಆದ್ರೆ ಹೆಸರು, ಹಗ್ಗ, ಮೂರು ಮಿಡಿ, ಇಷ್ಟೆಲ್ಲ ಯಾರೋ ಹೇಳದೆ ಬರಲ್ಲ" ಎಂದರು. ಟೆಂಪೊ ತಪ್ಪಿದ ಹಿಂದಿನ ದಿನ ನಾನು ಕಳಿಸಿದ್ದ ಒಂದೇ ಮಾತನ್ನು ಎಲ್ಲರಿಗೂ ಕೇಳುವಂತೆ ಹಾಕಿದರು. "ಉಪ್ಪು ಎರಡು ಮೂಟೆ ಇಳಿಸಿ ಇಡ್ರಿ" ಎಂದು ನನ್ನ ದನಿ. ಅಷ್ಟೇ. ಅದರಲ್ಲಿ ಮರವಿಲ್ಲ, ಪುಟ್ಟತ್ತೆಯಿಲ್ಲ. ಅಲ್ಲಿದ್ದ ಎಲ್ಲ ಹೆಂಗಸರೂ ಕಿವಿಯಾರೆ ಕೇಳಿದರು.

ಆದರೂ ಸುಮಿತ್ರ ನನ್ನ ಬೆನ್ನು ಸವರಿ, "ವಯಸ್ಸಾತಲ್ಲ ಅಕ್ಕ, ಬೇರೆ ಹ್ಯಾಗೋ ಸೇರಿಸಿ ಮರೆತಿರ್ತೀರಿ. ಇನ್ನು ಆರಾಮಾಗಿ ಮನೇಲಿರಿ" ಎಂದಳು. ಮರ ಆರಿಸುವ ಕೆಲಸ ಬೇರೆಯವರ ಪಾಲಾಯಿತು.

ಆ ಬೆನ್ನು ಸವರಿದ ಕೈಯನ್ನು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಸುಳ್ಳುಬುರುಕಿ ಎಂದು ಮುಖಕ್ಕೆ ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಇಷ್ಟು ವರ್ಷ ಜೊತೆಗೆ ಕೂತು ಮಿಡಿ ಆರಿಸಿದವಳ ಮಾತಿಗೆ ಬೆಲೆಯಿಲ್ಲ, ನಿನ್ನೆ ಮೊನ್ನೆ ಬಂದ ಪಟ್ಟಿ ಹೇಳಿದ್ದು ಸತ್ಯವೇ? ಆ ಏಜೆಂಟನ್ನು ಯಾರೂ ಮನೆಯಲ್ಲಿ ಕೂರಿಸಲಿಲ್ಲ. ಅದು ಈಗಲೂ ಮೂರೂ ಪಟ್ಟಿ ಬರೆಯುತ್ತಿದೆ.

ನಾನು ಅಲ್ಲಿ ಏನು ಹೇಳಬಹುದಿತ್ತು? ಅಂಥ ಮರ ಇತ್ತು ಎಂದರೆ, ಹಾಗಾದರೆ ಸೇರಿಸಿದವಳು ನೀನೇ ಎನ್ನುತ್ತಿದ್ದರು. ಇರಲಿಲ್ಲ ಎನ್ನಲು ನನ್ನಿಂದಾಗದು. ಯಾರು ಬರೆದದ್ದು ಎಂದು ಎಲ್ಲರೂ ಕೇಳಿದರು, ಅಂಥ ಮರ ಎಲ್ಲಿತ್ತು ಎಂದು ಒಬ್ಬಳೂ ಕೇಳಲಿಲ್ಲ.

ಆ ಏಜೆಂಟಿಗೆ ಆ ಮರ ಹೇಗೆ ಗೊತ್ತಾಯಿತು? ನಿದ್ದೆಯಲ್ಲಿ ಮಾತಾಡಿದೆನೇ ಎಂದೂ ಯೋಚಿಸಿದ್ದೇನೆ. ನನ್ನ ಫೋನು ಅಡುಗೆಮನೆಯಲ್ಲಿ ಇರುತ್ತದೆ, ನಾನು ಮಲಗುವುದು ನಡುಮನೆಯಲ್ಲಿ. ಓದಿದವರು ನೀವು, ನಿಮಗೇನಾದರೂ ತಿಳಿದರೆ ತಿಳಿಯಲಿ. ನನಗೆ ತಿಳಿದಿಲ್ಲ. ಪುಟ್ಟತ್ತೆ ಅಪ್ಪೆ ಇತ್ತು. ಅದನ್ನು ಪಟ್ಟಿಗೆ ಹೇಳಿದವಳು ನಾನಲ್ಲ. ಎರಡೂ ನಿಜವೆಂದು ಬರೆದಿರುವುದು ಈ ಹಾಳೆಗಳಲ್ಲಿ ಮಾತ್ರ, ಇವನ್ನು ಜೋಪಾನವಾಗಿ ಇಟ್ಟುಕೊಳ್ಳಿ.